ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪ
ಸಭೆಗಾಗಿ ವಿದ್ಯುತ್ ವಾದ್ಯವನ್ನು ಕೊಳ್ಳುವವರಿಗೆ ಒಂದು ಪಾಠ



ಸುಗ್ಗಿಯು ಮುಗಿದು ಸ್ತೋತ್ರದ ಕಾಣಿಕೆಗಳು ಕೂಡಿಬರುವ ಕಾಲದಲ್ಲಿ ಅನೇಕ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಅದೇನಂದರೆ, ನೆರೆಯ ಸಭೆಯವರು ಕೀಬೋರ್ಡನ್ನು ತಂದಿದ್ದಾರೆ, ನಾವೂ ಒಂದನ್ನು ಯಾಕೆ ತರಬಾರದು ಎಂಬದೇ. ಈ ಆಶೆಯು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಸಂಗೀತವು ಸಭೆಗೆ ಸಂತೋಷವನ್ನು ಕೊಡುವದು, ಹೊಸ ವಾದ್ಯವು ಮಕ್ಕಳ ಮನಸ್ಸನ್ನು ಎಳೆಯುವದು. ಆದರೆ ಹೀಗೆ ಉತ್ಸಾಹದಿಂದ ತಂದ ವಾದ್ಯಗಳಲ್ಲಿ ಎಷ್ಟೋ, ಒಂದೆರಡು ವರುಷಗಳೊಳಗೆ ಬಟ್ಟೆಯಿಂದ ಮುಚ್ಚಲ್ಪಟ್ಟು ಮೂಲೆಯಲ್ಲಿ ಇರುವದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅವುಗಳನ್ನು ಕೊಂಡವರ ಮನಸ್ಸಿನಲ್ಲಿ ವ್ಯಸನವುಂಟು, ಬಾಯಲ್ಲಿ ಮಾತಿಲ್ಲ. ಆದಕಾರಣ ಇಂಥ ಪಶ್ಚಾತ್ತಾಪವು ಯಾಕೆ ಹುಟ್ಟುತ್ತದೆ, ಕೊಳ್ಳುವದಕ್ಕೆ ಮುಂಚೆ ಅದನ್ನು ತಡೆಯುವದು ಹೇಗೆ, ಕೊಂಡಾದ ಮೇಲೆ ಮಾಡತಕ್ಕದ್ದೇನು ಎಂಬ ಮೂರು ಸಂಗತಿಗಳನ್ನು ಈ ತಿಂಗಳ ಪಾಠದಲ್ಲಿ ವಿಚಾರಿಸೋಣ. ಬೇರೆಯವರ ತಪ್ಪನ್ನು ಎತ್ತಿ ತೋರಿಸುವದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಯಾಕಂದರೆ ಕೆಳಗೆ ಹೇಳುವ ತಪ್ಪಿನಲ್ಲಿ ನಮಗೂ ಪಾಲುಂಟು.

1. ಬಿನ್ನಿಪೇಟೆಯಲ್ಲಿ ಕೇಳಿದ ಬುದ್ಧಿಮಾತು

ಕೆಲವು ವರುಷಗಳ ಹಿಂದೆ ಒಂದು ಸಣ್ಣ ಸಭೆಯವರು ವಾದ್ಯವನ್ನು ಕೊಳ್ಳಬೇಕೆಂದು ನಿಶ್ಚಯಿಸಿ, ಹಿರಿಯರಲ್ಲಿ ಮೂವರನ್ನು ಬೆಂಗಳೂರಿಗೆ ಕಳುಹಿಸಿದರು. ನಗರದ ದಾರಿಗಳು ನಮಗೆ ಗೊತ್ತಿದ್ದ ಕಾರಣ ನಾವೂ ಅವರ ಸಂಗಡ ಹೋದೆವು. ಚೀಲದಲ್ಲಿ 28,000 ರೂಪಾಯಿ ಇತ್ತು. ಅದು ಒಬ್ಬ ಧನವಂತನು ಕೊಟ್ಟ ಹಣವಲ್ಲ. ರಾಗಿಯನ್ನು ಮಾರಿದವರು, ಕೂಲಿಯಲ್ಲಿ ಒಂದು ದಿನದ ಭಾಗವನ್ನು ಎತ್ತಿಟ್ಟವರು, ಕೋಳಿಮೊಟ್ಟೆಗಳನ್ನು ಮಾರಿ ವಾರವಾರವೂ ಹತ್ತು ರೂಪಾಯಿಯನ್ನು ತಂದುಕೊಟ್ಟ ಒಬ್ಬ ವಿಧವೆ, ಇಂಥವರೆಲ್ಲರೂ ಎರಡು ವರುಷಗಳಲ್ಲಿ ಕೂಡಿಸಿದ ಹಣವಾಗಿತ್ತು.

ಆ ರಾತ್ರಿ ನಾವು ಬಿನ್ನಿಪೇಟೆಯಲ್ಲಿ ಒಬ್ಬ ವೃದ್ಧರ ಮನೆಯಲ್ಲಿ ಇಳುಕೊಂಡೆವು. ಬಿನ್ನಿಪೇಟೆಗೆ ಆ ಹೆಸರು ಗಿರಣಿಯಿಂದ ಬಂದದ್ದೆಂದು ವಾಚಕರಲ್ಲಿ ಅನೇಕರು ಬಲ್ಲರು. 1884ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಮದ್ರಾಸಿನ ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದು, ಅನೇಕ ತಲೆಮಾರುಗಳ ಕೂಲಿಕಾರರಿಗೆ ಅನ್ನವನ್ನು ಕೊಟ್ಟಿತು. ಈಗ ಆ ಗಿರಣಿಯು ನಿಂತುಹೋಗಿದೆ, ಅದರ ನೆಲದಲ್ಲಿ ಎತ್ತರವಾದ ವಸತಿ ಕಟ್ಟಡಗಳು ಎದ್ದಿವೆ. ನಮಗೆ ಊಟವಿಕ್ಕಿದ ವೃದ್ಧರು ಆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ದುಡಿದವರು.

ನಾವು ಬಂದ ಕಾರ್ಯವನ್ನು ಕೇಳಿದ ಮೇಲೆ ಅವರು ನಾಲ್ಕು ಪ್ರಶ್ನೆಗಳನ್ನು ಹಾಕಿದರು. ಅದನ್ನು ನುಡಿಸುವವರು ಯಾರು? ಎಷ್ಟು ಜನರ ಹಾಡಿಗೆ ಅದು ಕೇಳಿಸಬೇಕು? ನಿಮ್ಮೂರಲ್ಲಿ ಕರೆಂಟು ಹೇಗಿದೆ? ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ? ನಾವು ಒಂದಕ್ಕಾದರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಎಲ್ಲವನ್ನೂ ಅಂಗಡಿಯವರೇ ಹೇಳುವರು ಎಂದೆವು. ಅದಕ್ಕೆ ಅವರು, “ಬಟ್ಟೆಯನ್ನು ಕೊಳ್ಳುವಾಗ ನೀವು ಅಂಗಡಿಯವನ ಮಾತನ್ನು ನಂಬುವದಿಲ್ಲ. ಬೆರಳುಗಳ ನಡುವೆ ಹಿಡಿದು ಉಜ್ಜುತ್ತೀರಿ, ಬೆಳಕಿಗೆ ಹಿಡಿದು ಹಾಸು ಹೊಕ್ಕುಗಳನ್ನು ನೋಡುತ್ತೀರಿ. ಇದನ್ನು ಮಾತ್ರ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ಕೊಳ್ಳುವಿರೋ?” ಎಂದರು. ನಾವು ನಕ್ಕೆವು. ಆ ಮಾತನ್ನು ಆಗಲೇ ಲಕ್ಷ್ಯಕ್ಕೆ ತಂದುಕೊಂಡಿದ್ದರೆ ಈ ಪಾಠವನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಮಾರನೆಯ ದಿನ ಪೇಟೆಯ ಒಂದು ಅಂಗಡಿಗೆ ಹೋದೆವು. ಮಾರುವವನು ಒಂದು ಗುಂಡಿಯನ್ನು ಒತ್ತಿದ ಕೂಡಲೆ ತಂತಿವಾದ್ಯ, ತುತ್ತೂರಿ, ಮದ್ದಳೆ ಎಲ್ಲವೂ ಒಟ್ಟಿಗೆ ಮೊಳಗಿದವು. ಅಂಗಡಿಯೇ ನಡುಗಿತು. ಹಿರಿಯರ ಮುಖಗಳು ಅರಳಿದವು. ನಾವು ಯೋಚಿಸಿದ್ದ ಸಣ್ಣ ವಾದ್ಯದಲ್ಲಿ ನೂರು ನಾದಗಳು ಮಾತ್ರ ಇದ್ದವು, ಇದರಲ್ಲಿಯಾದರೋ ಆರುನೂರು. ಬೆಲೆಯು ನಮ್ಮ ಚೀಲದಲ್ಲಿದ್ದ ಹಣಕ್ಕೆ ಸರಿಯಾಗಿ ಮುಟ್ಟಿತು. ನಮ್ಮಲ್ಲಿ ಒಬ್ಬರೂ ಒಂದು ಮನೆಯ ಮೇಲೆ ಬೆರಳನ್ನಿಟ್ಟು ನಮ್ಮ ಹಾಡುಗಳಲ್ಲಿ ಒಂದನ್ನಾದರೂ ನುಡಿಸಿ ನೋಡಲಿಲ್ಲ. ಹಣವನ್ನು ಎಣಿಸಿಕೊಟ್ಟು ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದೆವು.

2. ನಾಲ್ಕು ಬಗೆಯ ನಿರಾಶೆ

ಊರಿಗೆ ತಂದ ಮೇಲೆ ಆದದ್ದನ್ನು ಒಂದೊಂದಾಗಿ ಹೇಳುವೆವು. ಯಾಕಂದರೆ ಇವು ಒಂದೇ ಸಭೆಗೆ ಬಂದ ತೊಂದರೆಗಳಲ್ಲ.

ಮೊದಲನೆಯದು, ಧ್ವನಿ. ಅಂಗಡಿಯಲ್ಲಿ ಆ ವಾದ್ಯವನ್ನು ದೊಡ್ಡ ಸ್ಪೀಕರಿಗೆ ಸೇರಿಸಿದ್ದರು. ನಾವು ಅದನ್ನು ಗಮನಿಸಲಿಲ್ಲ. ಸಾಧಾರಣವಾದ ಕೀಬೋರ್ಡಿನ ಒಳಗಿರುವ ಎರಡು ಸ್ಪೀಕರುಗಳಲ್ಲಿ ಒಂದೊಂದರ ಬಲವು ಎರಡೂವರೆ ವಾಟಿನಷ್ಟೇ ಇರುವದುಂಟು. ಇದು ಮನೆಯ ಕೋಣೆಯಲ್ಲಿ ಅಭ್ಯಾಸಕ್ಕೆ ಸಾಕು. ಎಂಭತ್ತು ಮಂದಿ ಎದ್ದು ನಿಂತು ಹಾಡುವ ಸ್ಥಳದಲ್ಲಿ ಎರಡನೆಯ ಸಾಲಿಗೂ ಅದು ಕೇಳಿಸಲಿಲ್ಲ. ಸ್ಪೀಕರನ್ನು ಕೊಳ್ಳುವದಕ್ಕೆ ಒಂದು ಕಾಸೂ ಉಳಿದಿರಲಿಲ್ಲ.

ಎರಡನೆಯದು, ಹಾಡು. ಕೀಬೋರ್ಡಿನಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು ಮಾತ್ರ ಉಂಟು. ಒಂದೊಂದು ಮನೆಯ ಸ್ವರವೂ ನೆಟ್ಟ ಕಂಬದಂತೆ ನಿಂತಿರುವದು. ನಮ್ಮ ಭಜನೆಗಳಾದರೋ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುತ್ತಾ, ಅಲುಗುತ್ತಾ ಹೋಗುವವು. ಸ್ವರವನ್ನು ಬಗ್ಗಿಸುವ ಚಕ್ರವು ಕೆಲವು ವಾದ್ಯಗಳಲ್ಲಿ ಇದೆ, ಆದರೆ ಅದನ್ನು ಹದವಾಗಿ ತಿರುಗಿಸಲು ಬಹಳ ಅಭ್ಯಾಸ ಬೇಕು. ಅದಲ್ಲದೆ ಸಭೆಯಲ್ಲಿ ಹಾಡನ್ನು ಎತ್ತಿಕೊಡುತ್ತಿದ್ದ ವೃದ್ಧ ತಾಯಿಯ ಶ್ರುತಿಯು ಒಂದು, ಹುಡುಗನು ಕಲಿತ ಶ್ರುತಿಯು ಮತ್ತೊಂದು. ಒಂದು ಗುಂಡಿಯಿಂದ ಇಡೀ ವಾದ್ಯದ ಶ್ರುತಿಯನ್ನು ಏರಿಸಬಹುದು, ಇಳಿಸಬಹುದು ಎಂಬದು ನಮಗೆ ತಿಳಿದದ್ದು ಒಂದು ವರುಷವಾದ ಮೇಲೆ. ಅಷ್ಟರೊಳಗೆ ಆ ತಾಯಿಯು ಹಾಡನ್ನು ಎತ್ತಿಕೊಡುವದನ್ನೇ ಬಿಟ್ಟುಬಿಟ್ಟಿದ್ದರು.

ಮೂರನೆಯದು, ಕರೆಂಟು. ನಮ್ಮ ದೇಶದಲ್ಲಿ ಮನೆಗಳಿಗೆ ಬರತಕ್ಕ ಒತ್ತಡವು 230 ವೋಲ್ಟು ಎಂದು ಗೊತ್ತುಮಾಡಿದ್ದರೂ, ತಂತಿಯ ಕೊನೆಯಲ್ಲಿರುವ ಹಳ್ಳಿಗಳಲ್ಲಿ ಪಂಪುಸೆಟ್ಟುಗಳು ಓಡುವ ಹೊತ್ತಿಗೆ ಅದು ಬಹಳ ಇಳಿಯುವದು, ಅವು ನಿಂತಾಗ ತಟ್ಟನೆ ಏರುವದು. ಹೀಗೆ ವಾದ್ಯದ ಅಡಾಪ್ಟರು ಕೆಟ್ಟಿತು. ಒಬ್ಬ ಯುವಕನು ಮನೆಯಲ್ಲಿದ್ದ ಬೇರೊಂದನ್ನು ತಂದು ಚುಚ್ಚಿದನು. ಮೊನೆಯು ಸರಿಯಾಗಿ ಕೂತಿತು, ಆದರೆ ಸುಟ್ಟ ವಾಸನೆ ಬಂತು. ಯಾಕಂದರೆ ಕೆಲವು ವಾದ್ಯಗಳಲ್ಲಿ ಮೊನೆಯ ಒಳಭಾಗವು ಧನ, ಹೊರಭಾಗವು ಋಣ, ಬೇರೆ ಕೆಲವುಗಳಲ್ಲಿ ಇದಕ್ಕೆ ವಿರೋಧ. ಒಂದು 9 ವೋಲ್ಟು ಕೇಳುವದು, ಮತ್ತೊಂದು 12 ವೋಲ್ಟು. ಮೊನೆಯು ಹಿಡಿಸಿತೆಂಬ ಮಾತ್ರಕ್ಕೆ ಅಡಾಪ್ಟರು ಹೊಂದುವದಿಲ್ಲ.

ನಾಲ್ಕನೆಯದು, ಮನುಷ್ಯರು. ನುಡಿಸಲು ಕಲಿತಿದ್ದವನು ಒಬ್ಬನೇ ಹುಡುಗ. ಅವನಿಗೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವನು ಹೋದ ದಿನವೇ ವಾದ್ಯಕ್ಕೆ ಬಟ್ಟೆಯ ಹೊದಿಕೆ ಬಿತ್ತು. ಎರಡು ವರುಷ ಅದು ಹಾಗೆಯೇ ಇತ್ತು.

3. ಪಶ್ಚಾತ್ತಾಪದ ಬೇರು

ಈಗ ಕೇಳೋಣ: ತಪ್ಪು ವಾದ್ಯದ್ದೋ? ಅಲ್ಲ. ಅದು ಯಾವ ಕೆಲಸಕ್ಕಾಗಿ ಮಾಡಲ್ಪಟ್ಟಿತೋ ಆ ಕೆಲಸವನ್ನು ಮಾಡುತ್ತಿತ್ತು. ನಾವು ಕೊಂಡದ್ದು ವಾದ್ಯವನ್ನಲ್ಲ, ಮನಸ್ಸಿನಲ್ಲಿ ಬರೆದುಕೊಂಡ ಒಂದು ಚಿತ್ರವನ್ನು. ಆ ಚಿತ್ರದಲ್ಲಿ ನುಡಿಸಬಲ್ಲ ಯುವಕರು ನಾಲ್ವರಿದ್ದರು, ಕರೆಂಟು ಎಂದೂ ಹೋಗುತ್ತಿರಲಿಲ್ಲ, ನೆರೆಯ ಸಭೆಯವರು ನಮ್ಮನ್ನು ನೋಡಿ ಬೆರಗಾಗುತ್ತಿದ್ದರು. ಆರುನೂರು ನಾದಗಳಿಗೆ ನಾವು ಹಣ ಕೊಟ್ಟೆವು. ಆ ಎರಡು ವರುಷಗಳಲ್ಲಿ ಬಳಸಿದವುಗಳನ್ನು ಎಣಿಸಿದರೆ ನಾಲ್ಕು. ಕಣ್ಣು ಪಟ್ಟಿಯನ್ನು ನೋಡಿತು, ಕಿವಿಯು ಹಾಡನ್ನು ಕೇಳಲಿಲ್ಲ.

ಇದರ ಮೇಲೆ ಇನ್ನೊಂದು ಕೇಡು ಸೇರಿಕೊಂಡಿತು. ಕೊಂಡು ತಂದವರು ಮೊದಲಿನ ತಿಂಗಳುಗಳಲ್ಲಿ ಆ ವಾದ್ಯವನ್ನು ಬಹಳವಾಗಿ ಹೊಗಳುತ್ತಾ ಇದ್ದರು. ಅದು ಸುಳ್ಳಾಡುವ ಬುದ್ಧಿಯಿಂದ ಆದದ್ದಲ್ಲ. ಅಮೆರಿಕಾ ದೇಶದಲ್ಲಿ ಜ್ಯಾಕ್ ಬ್ರೆಮ್ ಎಂಬ ವಿದ್ವಾಂಸನು 1956ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಇದನ್ನು ಚೆನ್ನಾಗಿ ತಿಳಿಸುತ್ತದೆ. ಅವನು ಕೆಲವು ಸ್ತ್ರೀಯರ ಮುಂದೆ ಮನೆಬಳಕೆಯ ಸಾಮಾನುಗಳನ್ನಿಟ್ಟು, ಒಂದೊಂದೂ ಅವರಿಗೆ ಎಷ್ಟು ಇಷ್ಟವೆಂದು ಕೇಳಿದನು. ಬಳಿಕ ಎರಡರಲ್ಲಿ ಒಂದನ್ನು ಆರಿಸಿ ತೆಗೆದುಕೊಳ್ಳುವ ಹಾಗೆ ಹೇಳಿ, ತಿರಿಗಿ ಅದೇ ಪ್ರಶ್ನೆಯನ್ನು ಹಾಕಲಾಗಿ, ತಾವು ಆರಿಸಿದ್ದನ್ನು ಮೊದಲಿಗಿಂತ ಹೆಚ್ಚಾಗಿಯೂ ಬಿಟ್ಟದ್ದನ್ನು ಕಡಿಮೆಯಾಗಿಯೂ ಎಣಿಸಿದರು. ಸಾಮಾನು ಬದಲಾಗಲಿಲ್ಲ, ಮನಸ್ಸು ತನ್ನ ಆಯ್ಕೆಯನ್ನು ಸಮರ್ಥಿಸಿಕೊಂಡಿತು. ಕೊಳ್ಳುವಾಗ ಚೆನ್ನಾಗಿಲ್ಲವೆಂದು ಹೇಳಿ, ಮನೆಗೆ ಹೋದ ಮೇಲೆ ಕೊಚ್ಚಿಕೊಳ್ಳುವವನ ಸಂಗತಿಯು ಜ್ಞಾನೋಕ್ತಿಗಳಲ್ಲಿ ಉಂಟಷ್ಟೆ. ನಾವಾದರೋ ಅಂಗಡಿಯಲ್ಲಿಯೂ ಹೊಗಳಿದೆವು, ಮನೆಯಲ್ಲಿಯೂ ಹೊಗಳಿದೆವು. ಹೊಗಳಿದ ಬಾಯಿಂದಲೇ ತಪ್ಪಾಯಿತೆಂದು ಹೇಳುವದು ಕಷ್ಟವಾದ್ದರಿಂದ ಕಡೆಗೆ ಸುಮ್ಮನಾದೆವು.

4. ಹೊರಲೋಕದ ಎರಡು ದೃಷ್ಟಾಂತಗಳು

ಇಂಥ ನಿರಾಶೆಯು ಹಳ್ಳಿಯವರ ಅಜ್ಞಾನದಿಂದ ಮಾತ್ರ ಬರುವದೆಂದು ಯಾರೂ ಕುಗ್ಗಬಾರದು. ವಾದ್ಯಗಳನ್ನು ಮಾಡುವ ದೊಡ್ಡ ಕಂಪೆನಿಗಳೂ ಪಟ್ಟಣಗಳ ಸಂಗೀತಗಾರರೂ ಇದನ್ನು ಬಲ್ಲರು.

ಜಪಾನಿನ ರೋಲ್ಯಾಂಡ್ ಕಂಪೆನಿಯವರು 1981ರಲ್ಲಿ ಟಿಬಿ-303 ಎಂಬ ಒಂದು ಸಣ್ಣ ವಾದ್ಯವನ್ನು ಹೊರಡಿಸಿದರು. ಗಿಟಾರನ್ನು ಒಬ್ಬನೇ ಕೂತು ಅಭ್ಯಾಸ ಮಾಡುವವನಿಗೆ ತಗ್ಗಿನ ಸ್ವರಗಳ ಜೊತೆ ಕೊಡುವದು ಅದರ ಉದ್ದೇಶ. ಆದರೆ ಅದರ ಧ್ವನಿಯು ನಿಜವಾದ ತಂತಿವಾದ್ಯದಂತೆ ಇರಲಿಲ್ಲ, ಅದಕ್ಕೆ ಸ್ವರಗಳನ್ನು ಕಲಿಸುವ ಕ್ರಮವೂ ತೊಡಕಾಗಿತ್ತು. ಕೊಂಡವರು ಬೇಸತ್ತರು. ಸುಮಾರು ಹತ್ತು ಸಾವಿರವನ್ನು ಮಾಡಿದ ಮೇಲೆ 1984ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿಬಿಟ್ಟರು, ಮತ್ತು ಹಳೇ ಸಾಮಾನಿನ ಅಂಗಡಿಗಳಲ್ಲಿ ಅವು ಅಗ್ಗವಾಗಿ ಸಿಕ್ಕುವಂತಾದವು. ಆದರೂ ಮುಂಬಯಿಯಲ್ಲಿ ಚರಣಜಿತ್ ಸಿಂಗ್ ಎಂಬ ಸಂಗೀತಗಾರರು 1982ರಲ್ಲಿ ಅದೇ ವಾದ್ಯವನ್ನು ಹತ್ತು ರಾಗಗಳ ಧ್ವನಿಮುದ್ರಿಕೆಗೆ ಬಳಸಿದರು. ಅಮೆರಿಕಾದ ಶಿಕಾಗೋ ಪಟ್ಟಣದ ಯುವಕರು ಅದರ ತಿರುಗುಗುಂಡಿಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ, 1987ರಲ್ಲಿ ಹೊಸದೊಂದು ಕುಣಿತದ ಸಂಗೀತವನ್ನೇ ಹೊರಡಿಸಿದರು. ಗಿಟಾರಿನವರು ಬಿಸಾಡಿದ್ದು ಇವರಿಗೆ ಬೇಕಾದದ್ದಾಯಿತು. ಹೀಗೆ, ಒಂದು ಕೆಲಸಕ್ಕೆ ಹೊಂದದ ವಾದ್ಯವು ಮತ್ತೊಂದಕ್ಕೆ ಹೊಂದಬಹುದು. ಆದರೆ ಇದನ್ನು ಕೇಳಿ, ನಮ್ಮ ಪೆಟ್ಟಿಗೆಯೂ ಒಂದು ದಿನ ಬೆಲೆಬಾಳುವದೆಂದು ಅದನ್ನು ಮೂಲೆಯಲ್ಲಿ ಇಟ್ಟುಕೊಳ್ಳಬಾರದು. ಆ ವಾದ್ಯಗಳು ಬೇರೆಯವರ ಕೈಗೆ ಹೋದದ್ದರಿಂದಲೇ ಬಾಳಿಕೆಗೆ ಬಂದವು.

ಎರಡನೆಯ ದೃಷ್ಟಾಂತವು ನಮ್ಮ ಬೆಂಗಳೂರಿನದೇ. ಹಾಡುವವರಿಗೆ ಶ್ರುತಿ ಬೇಕು. ಆದರೆ ತಂಬೂರಿಯನ್ನು ಊರಿಂದೂರಿಗೆ ಹೊತ್ತುಕೊಂಡು ಹೋಗುವದು ಕಷ್ಟ, ಅದನ್ನು ಮೀಟುವವರು ದೊರೆಯುವದು ಇನ್ನೂ ಕಷ್ಟ. ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಂಬವರು ಈ ಕೊರತೆಯನ್ನು ಕಂಡು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರಚಿಸಿದರು. ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆಯ ಇಂಥ ಪೆಟ್ಟಿಗೆಗಳು ಅನೇಕ ಸಂಗೀತಗಾರರ ಕಚೇರಿಗಳಿಗೆ ಹೋದವು. ಆ ಪೆಟ್ಟಿಗೆಯಲ್ಲಿ ಆರುನೂರು ನಾದಗಳಿಲ್ಲ, ಶ್ರುತಿಯೊಂದೇ. ಆದರೆ ಅಲ್ಲಿ ಕೊರತೆಯು ಮೊದಲು ತಿಳಿಯಿತು, ವಾದ್ಯವು ಆಮೇಲೆ ಹುಟ್ಟಿತು. ನಮ್ಮಲ್ಲಿ ವಾದ್ಯವು ಮೊದಲು ಬಂತು, ಅದಕ್ಕೆ ಕೆಲಸವನ್ನು ಆಮೇಲೆ ಹುಡುಕಿದೆವು. ಇದೇ ವ್ಯತ್ಯಾಸ.

5. ಕೊಳ್ಳುವದಕ್ಕೆ ಮುಂಚೆ ಮಾಡತಕ್ಕದ್ದು

ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಲೆಕ್ಕ ಮಾಡಬೇಕೆಂಬ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ವಾದ್ಯದ ವಿಷಯದಲ್ಲಿ ಆ ಲೆಕ್ಕವು ಹೀಗಿರತಕ್ಕದ್ದು.

(ಒಂದು) ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. “ಎಂಭತ್ತು ಮಂದಿ ಹಾಡುವ ಸಭೆಗೆ ಶ್ರುತಿಯನ್ನೂ ತಾಳವನ್ನೂ ಕೊಡಬೇಕು” ಎಂದು ಬರೆದ ಮೇಲೆ ಕೀಬೋರ್ಡು ಬೇಕೋ, ಶ್ರುತಿಪೆಟ್ಟಿಗೆ ಸಾಕೋ, ಮದ್ದಳೆಯೇ ಸಾಕೋ ಎಂಬದು ತಾನಾಗಿ ತೋರುವದು.

(ಎರಡು) ನುಡಿಸುವವರು ಇಬ್ಬರಾದರೂ ಇರಬೇಕು. ಒಬ್ಬನನ್ನೇ ನಂಬಿದರೆ ಅವನ ಕೆಲಸವಾಗಲಿ ವಿವಾಹವಾಗಲಿ ನಿಮ್ಮ ವಾದ್ಯವನ್ನು ಮೂಕ ಮಾಡುವದು.

(ಮೂರು) ಸಾಧ್ಯವಾದರೆ ಒಂದು ತಿಂಗಳ ಮಟ್ಟಿಗೆ ಅಂಥ ವಾದ್ಯವನ್ನು ಎರವಲಾಗಿಯೋ ಬಾಡಿಗೆಗೋ ತಂದು ಬಳಸಿ ನೋಡಿರಿ. ಬಾಡಿಗೆಯ ಹಣ ಹೋದರೂ ಜ್ಞಾನವು ಉಳಿಯುವದು.

(ನಾಲ್ಕು) ಅಂಗಡಿಯಲ್ಲಿ ತಾನಾಗಿ ಬಾರಿಸುವ ಗುಂಡಿಯನ್ನು ಒತ್ತಬೇಡಿರೆಂದು ಹೇಳಿರಿ. ಆ ಹಾಡನ್ನು ಕಂಪೆನಿಯವರು ತಮ್ಮ ವಾದ್ಯವನ್ನು ಹೊಗಳುವದಕ್ಕಾಗಿಯೇ ಸಿದ್ಧಮಾಡಿದ್ದಾರೆ. ನಿಮ್ಮ ಹುಡುಗನೇ ನಿಮ್ಮ ಮೂರು ಹಾಡುಗಳನ್ನು ನುಡಿಸಲಿ, ಹೊರಗಿನ ಸ್ಪೀಕರನ್ನು ಬಿಚ್ಚಿಸಿರಿ, ನಿಮ್ಮಲ್ಲಿ ಒಬ್ಬನು ಅಂಗಡಿಯ ಹೊರಗೆ ನಿಂತು ಕೇಳಲಿ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ಧ್ವನಿ, ಬಲವಾಗಿ ಒತ್ತಿದರೆ ಬಲವಾದ ಧ್ವನಿ ಬರುತ್ತದೋ ಎಂದು ನೋಡಿರಿ. ಅಗ್ಗದ ವಾದ್ಯಗಳಲ್ಲಿ ಈ ಗುಣವು ಇರುವದಿಲ್ಲ.

(ಐದು) ಇರುವ ಹಣವನ್ನೆಲ್ಲಾ ವಾದ್ಯಕ್ಕೇ ಸುರಿಯಬೇಡಿರಿ. ನಮ್ಮ ಅನುಭವದಿಂದ ಹೇಳುವದಾದರೆ ಮೂರರಲ್ಲಿ ಒಂದು ಪಾಲನ್ನು ಸ್ಪೀಕರು, ಸ್ಟಾಂಡು, ಹೊದಿಕೆ, ಇನ್ನೊಂದು ಅಡಾಪ್ಟರು ಇವುಗಳಿಗಾಗಿ ಎತ್ತಿಡಿರಿ.

(ಆರು) ಬ್ಯಾಟರಿಯಿಂದ ನಡೆಯುತ್ತದೋ ಎಂದು ಕೇಳಿರಿ. ನಡೆಯುವದಾದರೆ, ಬಳಸದೆ ಇಡುವಾಗ ಬ್ಯಾಟರಿಗಳನ್ನು ಹೊರಗೆ ತೆಗೆದಿಡಿರಿ, ಇಲ್ಲದಿದ್ದರೆ ಅವು ಸೋರಿ ಒಳಗಿನ ತಗಡುಗಳನ್ನು ತಿನ್ನುವವು. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು ಮತ್ತು ಧನ ಋಣಗಳ ಗುರುತನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ.

(ಏಳು) ಪರದೇಶದಲ್ಲಿರುವ ಬಂಧುವು ತಂದುಕೊಡುವ ವಾದ್ಯವನ್ನು ಹಾಗೆಯೇ ಚುಚ್ಚಬೇಡಿರಿ. ಅಮೆರಿಕಾದಲ್ಲಿ ಮನೆಯ ಕರೆಂಟು 120 ವೋಲ್ಟು. ಆ ಒತ್ತಡಕ್ಕೆಂದೇ ಮಾಡಿದ ಅಡಾಪ್ಟರು ಇಲ್ಲಿ ಕ್ಷಣದಲ್ಲಿ ಸುಡುವದು. ಮಾರಿದ ದೇಶದಲ್ಲಿ ಕೊಟ್ಟ ಗ್ಯಾರಂಟಿಯು ಅನೇಕ ಸಲ ಇಲ್ಲಿ ನಡೆಯುವದಿಲ್ಲ.

(ಎಂಟು) ನೋಡಿದ ದಿನವೇ ಕೊಳ್ಳಬೇಡಿರಿ. ಒಂದು ರಾತ್ರಿ ಮಲಗಿ ಎದ್ದ ಮೇಲೆಯೂ ನಿಮ್ಮ ವಾಕ್ಯಕ್ಕೆ ಅದು ಹೊಂದಿದರೆ ಕೊಳ್ಳಿರಿ.

6. ಶಾಸನವು ಕೊಡುವ ಸಹಾಯ

ಮಾರುವವನ ಮುಂದೆ ನಮಗೆ ಯಾವ ಅಧಿಕಾರವೂ ಇಲ್ಲವೆಂದು ಹಳ್ಳಿಯವರು ತಿಳಿಯಬಾರದು. 1930ನೆಯ ಇಸವಿಯ ಸರಕು ಮಾರಾಟ ಶಾಸನವು ಇಂದಿಗೂ ನಡೆಯುತ್ತಿದೆ. ಕೊಳ್ಳುವವನೇ ಎಚ್ಚರವಾಗಿರಬೇಕೆಂಬದು ಅದರ ಸಾಮಾನ್ಯ ನಿಯಮ. ಆದರೂ ಅದರ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ಮಾರುವವನಿಗೆ ತಿಳಿಸಿ ಅವನ ತಿಳುವಳಿಕೆಯನ್ನು ನಂಬಿ ಕೊಂಡರೆ, ಅಂಥ ಸಾಮಾನುಗಳನ್ನು ಮಾರುವದೇ ಅವನ ವ್ಯಾಪಾರವಾಗಿದ್ದರೆ, ಸಾಮಾನು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕು. ಕಂಪೆನಿಯ ಹೆಸರನ್ನು ಹೇಳಿ ಇಂಥದ್ದೇ ಬೇಕೆಂದು ಕೇಳಿ ಕೊಂಡರೆ ಈ ರಕ್ಷಣೆಯು ತಪ್ಪಿಹೋಗಬಹುದು. ಆದಕಾರಣ ನೀವು ಬರೆದ ಆ ಒಂದು ವಾಕ್ಯವನ್ನು ಅಂಗಡಿಯವನಿಗೆ ಓದಿ ಹೇಳಿ, ರಸೀತಿಯ ಮೇಲೆ ಬರೆಯಿಸಿಕೊಳ್ಳಿರಿ.

2019ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಶಾಸನವು 2020ರ ಜುಲೈ ತಿಂಗಳಿಂದ ನಡೆಯುತ್ತಿದೆ. ಅದರ ಪ್ರಕಾರ ರಸೀತಿ ಕೊಡದೆ ಇರುವದು ಅನ್ಯಾಯದ ವ್ಯಾಪಾರ. ದೋಷವುಳ್ಳ ಸಾಮಾನನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳುವದಿಲ್ಲವೆಂದು ಹೇಳುವದೂ ಅನ್ಯಾಯದ ವ್ಯಾಪಾರ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರುಷಗಳೊಳಗೆ ದೂರು ಕೊಡಬಹುದು. ಕೊಂಡದ್ದು ಬೆಂಗಳೂರಿನಲ್ಲಿಯಾದರೂ ದೂರುವವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಕೊಟ್ಟ ಬೆಲೆಯು ಐದು ಲಕ್ಷವನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಅದಕ್ಕೂ ಮುಂಚೆ 1915 ಎಂಬ ಸಂಖ್ಯೆಗೆ ಫೋನು ಮಾಡಿ ಬುದ್ಧಿ ಕೇಳಬಹುದು.

ಆದರೆ ಒಂದನ್ನು ನೆನಪಿನಲ್ಲಿಡಿರಿ. ಶಾಸನವು ದೋಷಕ್ಕೆ ಪರಿಹಾರ ಕೊಡುವದು, ಪಶ್ಚಾತ್ತಾಪಕ್ಕೆ ಕೊಡುವದಿಲ್ಲ. ವಾದ್ಯವು ಸರಿಯಾಗಿದ್ದು ನಮ್ಮ ಮನಸ್ಸು ಮಾತ್ರ ಬದಲಾದರೆ ಅದಕ್ಕೆ ಅಂಗಡಿಯವನು ಹೊಣೆಯಲ್ಲ. ನಮ್ಮ ಸಭೆಯ ಸಂಗತಿಯು ಹೀಗೆಯೇ ಇತ್ತು.

7. ಕೊಂಡಾದ ಮೇಲೆ

ಎರಡು ವರುಷಗಳಾದ ಮೇಲೆ ಸಭೆಯ ಕೋಶಾಧಿಕಾರಿಯು ಒಂದು ಸಂಗತಿಯನ್ನು ಗಮನಿಸಿದರು. ಕಾಣಿಕೆಗಳು ಇಳಿಯುತ್ತಾ ಬಂದಿದ್ದವು. ಮಳೆಯು ಕೆಟ್ಟಿರಲಿಲ್ಲ, ಬೆಳೆಯು ಚೆನ್ನಾಗಿಯೇ ಇತ್ತು. ಯಾರೂ ವಾದ್ಯದ ವಿಷಯವಾಗಿ ಗುಣುಗುಟ್ಟಲಿಲ್ಲ, ಆದರೆ ಆ ಬಟ್ಟೆಯ ಹೊದಿಕೆಯನ್ನು ಎಲ್ಲರೂ ವಾರವಾರವೂ ನೋಡುತ್ತಿದ್ದರು. ಆ ವಿಧವೆಯು ಹತ್ತು ರೂಪಾಯಿಗೆ ಬದಲಾಗಿ ಎರಡು ರೂಪಾಯಿಯನ್ನು ಹಾಕುತ್ತಿದ್ದರು.

ವರುಷದ ಕೂಟದಲ್ಲಿ ಕೊಂಡು ತಂದವರಲ್ಲಿ ಹಿರಿಯರಾದವರು ಎದ್ದು ನಿಂತು, “ನಾವು ವಿಚಾರಿಸದೆ ಕೊಂಡೆವು. ತಪ್ಪು ನಮ್ಮದು” ಎಂದರು. ನಾವೂ ಅವರ ಪಕ್ಕದಲ್ಲಿ ನಿಂತು ಅದನ್ನೇ ಹೇಳಿದೆವು. ಆ ವಿಧವೆಯು ಒಂದೇ ಪ್ರಶ್ನೆ ಕೇಳಿದರು: “ಎಷ್ಟು ಹೋಯಿತು?” ಆ ದಿನ ಉತ್ತರ ಕೊಡಲು ನಮಗೆ ಆಗಲಿಲ್ಲ. ಯಾಕಂದರೆ ನಾವು ಎಣಿಸಿಯೇ ಇರಲಿಲ್ಲ.

ಆ ಮೇಲೆ ಕೆಲಸವು ಸುಲಭವಾಯಿತು. ವಾದ್ಯವನ್ನು ಬೆಂಗಳೂರಿಗೆ ಒಯ್ದು ಸುಟ್ಟ ಭಾಗವನ್ನು 1,500 ರೂಪಾಯಿಗೆ ಸರಿಮಾಡಿಸಿದೆವು. ಮಕ್ಕಳಿಗೆ ಸಂಗೀತವನ್ನು ಕಲಿಸುವ ಒಬ್ಬರು ಅದನ್ನು 11,000 ರೂಪಾಯಿಗೆ ಕೊಂಡರು. ಅವರಿಗೆ ಬೇಕಾದದ್ದು ಕೋಣೆಯೊಳಗೆ ಕೇಳಿಸುವ ಧ್ವನಿ ಮತ್ತು ಬಗೆಬಗೆಯ ನಾದಗಳು. ಅದು ಅವರಿಗೆ ಚೆನ್ನಾಗಿ ಹೊಂದಿತು. ಹಳೇ ಕಾಲದಿಂದ ಅಟ್ಟದ ಮೇಲಿದ್ದ ಹಾರ್ಮೋನಿಯದ ತಿದಿಗಳನ್ನೂ ನಾಲಿಗೆಗಳನ್ನೂ ಸರಿಮಾಡಿಸುವದಕ್ಕೆ 4,000 ರೂಪಾಯಿ ಹಿಡಿಯಿತು. ಅದನ್ನು ನುಡಿಸುವದಕ್ಕೆ ಮೂವರು ಸ್ತ್ರೀಯರು ಕಲಿತಿದ್ದಾರೆ. ಹಾರ್ಮೋನಿಯವೂ ಸ್ವರವನ್ನು ಬಗ್ಗಿಸಲಾರದು, ಅದೂ ಒಂದು ಕಾಲದಲ್ಲಿ ಹೊಸದಾಗಿ ಬಂದದ್ದೇ. ಪ್ಯಾರಿಸ್ ಪಟ್ಟಣದ ಅಲೆಕ್ಸಾಂಡ್ರ್ ಡಿಬೇನ್ ಎಂಬವನು 1840ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ನಮ್ಮ ಆಕಾಶವಾಣಿಯವರು ಅದು ಭಾರತೀಯ ಸಂಗೀತಕ್ಕೆ ಹೊಂದುವದಿಲ್ಲವೆಂದು 1940ರಿಂದ 1971ರ ವರೆಗೂ ಅದನ್ನು ಹೊರಗೆ ಇಟ್ಟಿದ್ದರು. ಆದಕಾರಣ ಹಳೇದು ಒಳ್ಳೇದು, ಹೊಸದು ಕೆಟ್ಟದ್ದು ಎಂಬದು ನಮ್ಮ ಮಾತಲ್ಲ. ಕರೆಂಟಿಲ್ಲದೆ ನಡೆಯುವದು, ಎಂಭತ್ತು ಮಂದಿಗೆ ಕೇಳಿಸುವದು, ನುಡಿಸುವವರು ಊರಲ್ಲಿಯೇ ಇರುವರು, ಇಷ್ಟೇ ಕಾರಣ. ಮುಂದೆ ಕರೆಂಟು ಸ್ಥಿರವಾಗಿ ಮಕ್ಕಳು ಕಲಿತರೆ ಕೀಬೋರ್ಡನ್ನೇ ತಿರಿಗಿ ಕೊಳ್ಳಬಹುದು.

ವಾದ್ಯವು ಈಗಾಗಲೇ ಮೂಲೆಯಲ್ಲಿರುವ ಸಭೆಗಳಿಗೆ ನಮ್ಮ ಬುದ್ಧಿಯು ಹೀಗಿದೆ. ಮೊದಲು ಬಾಯಿಬಿಟ್ಟು ಹೇಳಿರಿ. ಎರಡನೆಯದು, ಕೊಂಡ ಬೆಲೆಯನ್ನು ನೋಡಬೇಡಿರಿ. ಅದು ಹೋದ ಹಣ, ಪೆಟ್ಟಿಗೆಯನ್ನು ಕಾಯುವದರಿಂದ ತಿರಿಗಿ ಬರುವದಿಲ್ಲ. ಇಂದು ಅದರಿಂದ ಏನು ಉಪಯೋಗ, ಮಾರಿದರೆ ಇಂದು ಎಷ್ಟು ಬರುತ್ತದೆ ಎಂಬದನ್ನು ಮಾತ್ರ ಕೇಳಿರಿ. ಮೂರನೆಯದು, ಶ್ರುತಿಯ ಗುಂಡಿಯಿಂದಾಗಲಿ ಒಂದು ಸ್ಪೀಕರಿನಿಂದಾಗಲಿ ಅದು ಸರಿಹೋಗುವದಾದರೆ ಆರು ತಿಂಗಳ ಗಡುವನ್ನಿಟ್ಟು ನೋಡಿರಿ. ಸರಿಹೋಗದಿದ್ದರೆ ಹೊಂದುವವರಿಗೆ ಮಾರಿಬಿಡಿರಿ. ಮಾರುವಾಗ ಅದರ ದೋಷಗಳನ್ನು ಮುಚ್ಚಬೇಡಿರಿ, ನಮ್ಮ ಪಶ್ಚಾತ್ತಾಪವನ್ನು ಮತ್ತೊಬ್ಬರ ತಲೆಗೆ ಕಟ್ಟಬಾರದು. ನಾಲ್ಕನೆಯದು, ಮೊದಲಿನ ನಿರಾಶೆಯನ್ನು ಮರೆಯುವದಕ್ಕಾಗಿ ಅದಕ್ಕಿಂತ ದೊಡ್ಡದನ್ನು ಕೊಳ್ಳಬೇಡಿರಿ. ಅನೇಕರು ಬೀಳುವ ಎರಡನೆಯ ಹಳ್ಳವು ಇದೇ.

ಲೆಕ್ಕದ ಪುಸ್ತಕದಲ್ಲಿ ಕೋಶಾಧಿಕಾರಿಯು ಬರೆದದ್ದು ಹೀಗೆ: ವಾದ್ಯಕ್ಕೆ ಕೊಟ್ಟದ್ದು 28,000, ರಿಪೇರಿಗೆ 1,500, ಮಾರಿ ಬಂದದ್ದು 11,000, ನಷ್ಟ 18,500 ರೂಪಾಯಿ. ಇದನ್ನು ಮುಂದಿನ ಕೂಟದಲ್ಲಿ ಎಲ್ಲರ ಮುಂದೆ ಓದಿದರು. ಆ ವಿಧವೆಯು ಸಂಖ್ಯೆಯನ್ನು ಇನ್ನೊಂದು ಸಾರಿ ಓದಿಸಿ ಕೇಳಿ, ತಲೆಯಾಡಿಸಿ ಕೂತುಕೊಂಡರು. ನಷ್ಟವು ಇನ್ನೂ ತುಂಬಿಲ್ಲ. ಆದರೆ ಆ ಸಭೆಯಲ್ಲಿ ಈಗ ನೂರು ರೂಪಾಯಿಗೆ ಮೇಲ್ಪಟ್ಟ ಏನನ್ನು ಕೊಳ್ಳಬೇಕಾದರೂ ಬಿನ್ನಿಪೇಟೆಯ ವೃದ್ಧರ ನಾಲ್ಕು ಪ್ರಶ್ನೆಗಳನ್ನು ಮೊದಲು ಓದುತ್ತಾರೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಬಿನ್ನಿಪೇಟೆಯ ವೃದ್ಧರು ಕೇಳಿದ ನಾಲ್ಕು ಪ್ರಶ್ನೆಗಳು ಯಾವವು? ನಿಮ್ಮ ಸಭೆಯವರು ಅವುಗಳಿಗೆ ಏನು ಉತ್ತರ ಕೊಡುವರು?
2. ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ ವಾದ್ಯವು ಊರಲ್ಲಿ ಕೇಳಿಸದೆ ಹೋದದ್ದು ಯಾಕೆ?
3. ಒಂದು ಅಡಾಪ್ಟರು ವಾದ್ಯಕ್ಕೆ ಹೊಂದುತ್ತದೆಂದು ಹೇಗೆ ತಿಳಿದುಕೊಳ್ಳಬೇಕು?
4. ದೋಷಕ್ಕೂ ಪಶ್ಚಾತ್ತಾಪಕ್ಕೂ ಶಾಸನದ ಮುಂದೆ ಇರುವ ಭೇದವೇನು?
5. ಹಣದ ನಷ್ಟ ಹೆಚ್ಚೋ, ಎರಡು ವರುಷಗಳ ಮೌನದಿಂದ ಆದ ನಷ್ಟ ಹೆಚ್ಚೋ? ಕಾರಣವನ್ನು ಹೇಳಿರಿ.
6. ನಿಮ್ಮ ಮನೆಯಲ್ಲಾಗಲಿ ಸಭೆಯಲ್ಲಾಗಲಿ ಬಟ್ಟೆಯ ಕೆಳಗೆ ಮುಚ್ಚಿಟ್ಟ ವಸ್ತುವು ಉಂಟೋ? ಅದರಿಂದ ಉಪಯೋಗ ಹೊಂದತಕ್ಕವರು ಯಾರು?